ತಂಗಿಯ ಎದೆಯ ಪೆಟ್ಟಿಗೆ

ಡಾಕ್ಟರು ನನ್ನನ್ನೇ ಕೇಳಿದ್ದರು. "ಮನೆಯಲ್ಲಿ ನೋಡಿಕೊಳ್ಳೋರು ನೀವು ತಾನೇ? ತಲೆ ಸುತ್ತೋದು, ಕಣ್ಣಿಗೆ ಕತ್ತಲೆ ಕಟ್ಟೋದು, ಏನಾದರೂ ಕಂಡಿದೀರಾ?" ಕಂಡಿದ್ದೆ. ನಮ್ಮ ಅಡುಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತ ನನ್ನ ತಂಗಿ, ಕೈಯಲ್ಲಿ ತೆಂಗಿನ ಹೋಳು ಹಿಡಿದುಕೊಂಡೇ ಬಿಳಿಚಿಕೊಂಡು ಗೋಡೆಗೆ ಒರಗಿದ್ದನ್ನು ಕಂಡಿದ್ದೆ. ಅದೂ ಒಂದು ಸಲವಲ್ಲ. ಆದರೂ ನಾನು ಅಂದದ್ದು, "ಏನೂ ಇಲ್ಲ ಸ್ವಾಮಿ, ಚೆನ್ನಾಗಿ ಓಡಾಡ್ಕೊಂಡವಳೆ" ಅಂತ. ಒಂದೇ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಹೆದರಿ ಸುಮ್ಮನಾದೆ ಅಂದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿಗೆ ಸುಮ್ಮನಾದೆ.

ಅಕ್ಕತಂಗಿಯರ ಹೊಟ್ಟೆಕಿಚ್ಚು ಅಂದರೆ ಸೀರೆಗೋ ಒಡವೆಗೋ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ನನಗಿದ್ದದ್ದು ಅವಳ ಕಾಯಿಲೆಯ ಮೇಲೆ.

ನಾವು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನಲ್ಲಿ, ಸಂಪಿಗೆಯಿಂದ ಒಳಗೆ ನಡೆದುಹೋಗಬೇಕಾದ ಒಂದು ಹಳ್ಳಿಯಲ್ಲಿ. ತಂಗಿ ಚಿಕ್ಕವಳಿದ್ದಾಗ ಓಡಿದರೆ ಕೂತುಬಿಡುತ್ತಿದ್ದಳು, ತುಟಿ ನೇರಳೆಯಾಗುತ್ತಿತ್ತು. ಅಪ್ಪ ಒಬ್ಬ ಪಂಡಿತರನ್ನು ಕರೆಸಿದರು. ಅವರು ಅವಳ ಕೈ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, "ನಾಡಿ ನಿಧಾನ. ಹಂಸದ ನಡಿಗೆ ಇದ್ದಂಗದೆ. ಇವಳ ಕೈಲಿ ಭಾರ ಎತ್ತಿಸಬೇಡಿ" ಅಂದರು. ನಾನೂ ಕೈ ಚಾಚಿದೆ. ಒಂದು ಚಣ ಹಿಡಿದು ಬಿಟ್ಟರು. "ದೊಡ್ಡವಳದು ಕಪ್ಪೆ ನಾಡಿ. ಕುಪ್ಪಳಿಸ್ತದೆ. ಇವಳಿಗೇನೂ ಆಗಲ್ಲ ಬುಡಿ, ಕಲ್ಲು ತಿಂದು ಅರಗಿಸ್ಕೋತಾಳೆ." ಮನೆಯವರೆಲ್ಲ ನಕ್ಕರು. ಆವತ್ತಿನಿಂದ ಅವಳು ಹಂಸ, ನಾನು ಕಪ್ಪೆ.

ಭಾರ ಎತ್ತದವಳು ಮನೆಯಲ್ಲಿ ಕೂತು ಏನು ಮಾಡಬೇಕು? ಸ್ಕೂಲಿಗೆ ಹೋಗಲಿ ಅಂದರು ಅಪ್ಪ. ಅವಳ ಪಾಲಿನ ಕೆಲಸ ಯಾರು ಮಾಡಬೇಕು? ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದರು. ಬಿದ್ದ ಗರಿ ಎಳೆದು ತರುವುದು, ಕೊಟ್ಟಿಗೆ ಬಳಿಯುವುದು, ನೀರು ಸೇದುವುದು, ಕೊಬ್ಬರಿಗೆ ಅಂತ ಅಟ್ಟದ ಮೇಲೆ ಹಾಕುವ ಕಾಯನ್ನು ಕುಕ್ಕೆಯಲ್ಲಿ ಹೊತ್ತು ಏಣಿ ಹತ್ತುವುದು, ಎಲ್ಲಕ್ಕೂ ನಾನು. ನಾನು ಏಣಿಯ ಮೇಲೆ ಇರುವಾಗ ಅವಳು ಕೆಳಗೆ ಜಗಲಿಯಲ್ಲಿ ಕೂತು ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಅವಳು ತಪ್ಪಿದರೆ ನಾನು ಮೇಲಿನಿಂದಲೇ ತಿದ್ದುತ್ತಿದ್ದೆ. ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ಅಪ್ಪನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ, ಒಂದು ದಿನವೂ ಏನೂ ಅನ್ನಲಿಲ್ಲ.

ಅವಳ ನಾಡಿ ನೆಟ್ಟಗಿದ್ದಿದ್ದರೆ ಇಬ್ಬರೂ ಏಣಿ ಹತ್ತುತ್ತಿದ್ದೆವು. ನನ್ನದು ನಿಧಾನವಾಗಿದ್ದಿದ್ದರೆ ನಾನು ಜಗಲಿಯಲ್ಲಿರುತ್ತಿದ್ದೆ. ಎಷ್ಟೋ ದಿನ ಬಾವಿಕಟ್ಟೆಯ ಮೇಲೆ ಉಸಿರು ಬಿಗಿಹಿಡಿದು ಕೂತು, ನನ್ನ ಎದೆಯೂ ಸ್ವಲ್ಪ ನಿಧಾನವಾಗಲಿ ಶಿವನೇ ಅಂತ ಬೇಡಿಕೊಂಡಿದ್ದೇನೆ. ಅದು ಮಾತ್ರ ಕಪ್ಪೆಯ ಹಾಗೆ ಕುಪ್ಪಳಿಸುತ್ತಲೇ ಇತ್ತು.

ತಂಗಿಯ ಬಗ್ಗೆ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಅವಳು ಎಡಚಿ. ಏನೇ ಹಿಡಿಯಬೇಕಾದರೂ ಮೊದಲು ಎಡಗೈ ಮುಂದೆ ಹೋಗುತ್ತಿತ್ತು. ನಮ್ಮದು ಲಿಂಗ ಕಟ್ಟುವ ಮನೆತನ. ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವೆ. "ಶಿವ ಕೂರೋ ಕೈ ಕಣೇ ಅದು, ಎಂಜಲು ಮಾಡ್ತೀಯಾ?" ಅಂತ ಅವ್ವ ಊಟದ ಹೊತ್ತಿಗೆ ಅವಳ ಎಡಗೈಯನ್ನು ಸೆರಗಿನ ತುದಿಯಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಸ್ಕೂಲಿನಲ್ಲಿ ಮೇಷ್ಟ್ರು ಬೆರಳ ಗಂಟಿಗೆ ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದರು. ಹಾಗಾಗಿ ಉಣ್ಣುವುದು, ಬರೆಯುವುದು ಬಲಗೈ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಕೊಡುವುದೂ ಬಲಗೈ. ಉಳಿದ ಎಲ್ಲದಕ್ಕೂ ಎಡಗೈ. ಇದು ಮನೆಯ ಗುಟ್ಟು. ಎಡಚಿ ಅಂತ ಗೊತ್ತಾದರೆ ಗಂಡು ಸಿಗುವುದಿಲ್ಲ ಅಂತ ಅವ್ವನ ಭಯ. ಎದೆಯ ಕಾಯಿಲೆಯಿಂದಾಗಿ ಗಂಡು ಹೇಗೂ ಸಿಗಲಿಲ್ಲ, ಆದರೆ ಗುಟ್ಟು ಗುಟ್ಟಾಗಿಯೇ ಉಳಿಯಿತು.

ನನ್ನನ್ನು ನೊಣವಿನಕೆರೆ ಹತ್ತಿರದ ಒಂದು ತೋಟದ ಮನೆಗೆ ಕೊಟ್ಟರು. ತಂಗಿ ಟೀಚರ್ ಆದಳು. ಎಂಬತ್ತರ ದಶಕ ಶುರುವಾಗಿತ್ತು, ಅವ್ವ ಅಪ್ಪ ಇಬ್ಬರೂ ಹೋಗಿಬಿಟ್ಟಿದ್ದರು. ಒಂದು ದಿನ ತಂಗಿ ಪಾಠ ಮಾಡುತ್ತಾ ಬೋರ್ಡಿನ ಮುಂದೆಯೇ ಬಿದ್ದಳು. ತಿಪಟೂರಿನಲ್ಲಿ ತೋರಿಸಿದೆವು, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯದ ಮೇಲಿನ ಅಂಕಣದಿಂದ ಕೆಳಗಿನ ಅಂಕಣಕ್ಕೆ ಹೋಗಬೇಕಾದ ಸುದ್ದಿ ನಡುವೆಯೇ ನಿಂತುಹೋಗುತ್ತಿದೆ, ಅದಕ್ಕೇ ಬಡಿತ ನಿಧಾನ, ಹುಟ್ಟಿನಿಂದಲೂ ಹೀಗೇ ಇದ್ದಿರಬೇಕು ಅಂದರು. ಪೇಸ್‌ಮೇಕರ್ ಹಾಕಬೇಕು, ಬಡಿತ ತಪ್ಪಿದಾಗ ಹೃದಯವನ್ನು ತಟ್ಟುವ ಪುಟ್ಟ ಪೆಟ್ಟಿಗೆ ಅದು ಅಂದರು.

ಆಪರೇಷನ್ನಿಗೆ ಮುಂಚೆ ಡಾಕ್ಟರು, "ನಿಮಗೆ ಯಾವ ಕೈ ರೂಢಿ?" ಅಂತ ಅವಳನ್ನು ಕೇಳಿದರು. ರೂಢಿಯಿಲ್ಲದ ಕೈಯ ಕಡೆ ಎದೆಯಲ್ಲಿ ಪೆಟ್ಟಿಗೆ ಇಡುತ್ತಾರಂತೆ. ತಂಗಿ ತಲೆ ತಗ್ಗಿಸಿಕೊಂಡು, "ಬಲಗೈ ಸಾರ್" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಅಷ್ಟು ವರ್ಷ ಮುಚ್ಚಿಟ್ಟ ಮಾತು, ಗಂಡಸರ ಮುಂದೆ ಬಾಯಿಗೆ ಬರಲಿಲ್ಲ. ಅವಳು ಹೇಳಿದ್ದನ್ನು ಸುಳ್ಳು ಅನ್ನಲೂ ಆಗುತ್ತಿರಲಿಲ್ಲ, ಉಣ್ಣುವ ಕೈ ಬರೆಯುವ ಕೈ ಎರಡೂ ಅದೇ ಅಲ್ಲವೇ? ಪೆಟ್ಟಿಗೆ ಎಡಗಡೆ ಹೋಯಿತು. ಕೊರಳಲ್ಲಿದ್ದ ಲಿಂಗದ ಕರಡಿಗೆ ತೆಗೆಯಿರಿ ಅಂದಾಗ, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬಲದ ರಟ್ಟೆಗೆ ಕಟ್ಟಿಕೊಂಡು ಒಳಗೆ ಹೋದಳು.

ಗಾಯ ಒಣಗುವವರೆಗೆ ಅವಳ ಜೊತೆ ಆಸ್ಪತ್ರೆಯಲ್ಲಿದ್ದವಳು ನಾನು. ಅಲ್ಲಿ ಒಬ್ಬ ಇಂಜಿನಿಯರ್ ಬರುತ್ತಿದ್ದರು. ದಪ್ಪ ಕನ್ನಡಕದ, ಅಂಗಿಯ ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇಟ್ಟುಕೊಂಡಿರುವ ಮನುಷ್ಯ. ಅಂಥ ಪೆಟ್ಟಿಗೆಗಳನ್ನು ಇಲ್ಲೇ ಮಾಡಲು ಆಗುತ್ತದೆಯೇ ಅಂತ ಅವರೂ ಇನ್ನೂ ಕೆಲವರೂ ಸೇರಿ ನೋಡುತ್ತಿದ್ದರಂತೆ. ತಂಗಿ ಟೀಚರ್ ಅಂತ ಗೊತ್ತಾದದ್ದೇ, ನಡುವೆ ಸೀಳಿದ್ದ ಒಂದು ಹಳೆಯ ಪೆಟ್ಟಿಗೆ ತಂದು ಅವಳ ಮಂಚದ ಮೇಲೆ ಇಟ್ಟರು. ನಮ್ಮ ಲಿಂಗದ ಕರಡಿಗೆಗಿಂತ ಸ್ವಲ್ಪ ದೊಡ್ಡದು, ಚಪ್ಪಟೆ. ಅರ್ಧಕ್ಕಿಂತ ಹೆಚ್ಚು ಜಾಗ ಬ್ಯಾಟರಿಯದ್ದೇ. ಉಳಿದದ್ದರಲ್ಲಿ ಉಗುರಿನಷ್ಟು ತಂತಿ ಕಸೂತಿ.

"ಮೊದಲಿನವು ಹೆಂಗಿದ್ವು ಅಂದ್ರೆ, ಕಾರ್ಖಾನೇಲಿ ಏನು ಕೂರಿಸಿರ್ತಾರೋ ಅಷ್ಟೇ. ಬಡಿತ ಹೆಚ್ಚು ಮಾಡ್ಬೇಕು ಅಂದ್ರೆ ಎದೆ ಕೊಯ್ದು ಪೆಟ್ಟಿಗೆ ತೆಗೀಬೇಕು. ನಿಮ್ಮದು ಹಾಗಲ್ಲ. ಹೊರಗಿನಿಂದಲೇ ಪ್ರೋಗ್ರಾಂ ಮಾಡ್ಬಹುದು" ಅಂದರು. ಕೈಯಲ್ಲಿ ಹಿಡಿಯುವ ಒಂದು ಬಿಲ್ಲೆಯನ್ನು ಎದೆಯ ಮೇಲೆ ಇಟ್ಟರೆ ಅದು ಚರ್ಮದ ಒಳಗಿನ ಪೆಟ್ಟಿಗೆಯ ಜೊತೆ ಗುಟ್ಟಿನ ಭಾಷೆಯಲ್ಲಿ ಮಾತಾಡುತ್ತದಂತೆ. ಆ ಗುಟ್ಟು ಸರಿಯಿದ್ದರೆ ಮಾತ್ರ ಪೆಟ್ಟಿಗೆ ಮಾತು ಕೇಳುತ್ತದಂತೆ. ಬೇರೆ ಯಾವ ರೇಡಿಯೋ ಬಂದರೂ ಬಾಗಿಲು ತೆಗೆಯುವುದಿಲ್ಲವಂತೆ. ನಿಮಿಷಕ್ಕೆ ಎಷ್ಟು ಸಲ ತಟ್ಟಬೇಕು, ಎಷ್ಟು ಜೋರಾಗಿ ತಟ್ಟಬೇಕು, ಎಷ್ಟು ಸಣ್ಣ ಸದ್ದನ್ನು ಕೇಳಿಸಿಕೊಳ್ಳಬೇಕು, ಎಲ್ಲವನ್ನೂ ಬದಲಾಯಿಸಬಹುದು ಅಂದರು.

"ಕೇಳಿಸಿಕೊಳ್ಳೋದಾ?" ಅಂದಳು ತಂಗಿ.

"ಅದೇ ಇದರ ಜಾಣತನ. ಸುಮ್ಮನೆ ತಟ್ತಾ ಇರಲ್ಲ. ಮೊದಲು ಕಿವಿಗೊಡುತ್ತೆ. ನಿಮ್ಮ ಹೃದಯ ತಾನೇ ಬಡಿದರೆ ಇದು ಬಾಯಿ ಮುಚ್ಚಿಕೊಂಡಿರುತ್ತೆ. ಬಡಿಯಲಿಲ್ಲ ಅಂದ್ರೆ ಆಗ ಒಂದು ತಟ್ಟು."

ತಂಗಿ ಮತ್ತೆ ಏನೋ ಕೇಳಿದಳು, ಅವರು ಕಾಗದದ ಮೇಲೆ ಗೆರೆ ಬರೆದು ತೋರಿಸಿದರು, ಇಬ್ಬರೂ ಇಂಗ್ಲಿಷ್ ಮಾತು ಬೆರೆಸಿಕೊಂಡು ಮುಂದೆ ಮುಂದೆ ಹೋದರು. ನಾನು ಟಿಫನ್ ಕ್ಯಾರಿಯರ್ ತೊಳೆದು ತಂದು ಮೂಲೆಯಲ್ಲಿ ಕೂತೆ. ಅವರ ಮಾತು ಒಂದೂ ಬಿಡದೆ ಕೇಳುತ್ತಿದ್ದೆ. ಅರ್ಧಕ್ಕರ್ಧ ಅರ್ಥವೂ ಆಗುತ್ತಿತ್ತು. ನನಗೂ ಕೇಳಬೇಕೆನ್ನಿಸಿದ ಪ್ರಶ್ನೆಗಳಿದ್ದವು. ಯಾರೂ ಈ ಕಡೆ ತಿರುಗಲಿಲ್ಲ. ಅವಳ ಎದೆ ಒಂದು ಬಡಿತ ತಪ್ಪಿದರೆ ಸಾಕು, ಕಿವಿಗೊಟ್ಟು ಕೂತ ಒಂದು ಯಂತ್ರ ಇದೆ, ಒಬ್ಬ ಇಂಜಿನಿಯರ್ ಇದ್ದಾರೆ, ಡಾಕ್ಟರಿದ್ದಾರೆ, ನಾನಿದ್ದೇನೆ. ನನ್ನ ಎದೆಗೆ ಯಾರು ಕಿವಿಗೊಟ್ಟಿದ್ದರು? ಈ ಮಾತು ಮನಸ್ಸಿಗೆ ಬಂದಾಗ ನಾಚಿಕೆಯೇನೂ ಆಗಲಿಲ್ಲ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಸುಧಾರಿಸಿಕೊಳ್ಳಲು ಅವಳು ನಮ್ಮ ಮನೆಗೇ ಬಂದಳು. ಊರಿನವರೆಲ್ಲ ನೋಡಲು ಬಂದರು. ನಮ್ಮ ಮನೆಯವರು ಅವಳಿಗೆ ಅಂತ ಗಂಜಿಯ ಎಳನೀರು ಆರಿಸಿ ಕೀಳಿಸುತ್ತಿದ್ದರು. ನಾನು ಮದುವೆಯಾಗಿ ಬಂದು ಹೆತ್ತ ಆ ಮನೆಯಲ್ಲಿ ನನಗೆ ಎಳನೀರು ಕೆತ್ತಿಕೊಟ್ಟವರನ್ನು ಕಾಣೆ. ನಮ್ಮ ಅತ್ತೆಗಂತೂ ಅವಳೆಂದರೆ ಪ್ರಾಣ. ದಿನಾ ಅವಳ ಮುಂದೆ ಕೂತು ಮಾತಾಡಿಸುತ್ತಿದ್ದರು.

"ಏನಂದೆ, ಪೋಗ್ರಾಮಾ? ರೇಡಿಯೋದಂಗೆ? ಹಂಗಾರೆ ಬೆಳಿಗ್ಗೆ ಎದ್ದು ವಚನ ಹಾಡ್ತದಾ ಎದೆ ಒಳಗೆ?"

"ಹೂಂ ಅತ್ತೆಮ್ಮ. ಸಂಜೆ ಹೊತ್ತಿಗೆ ಕೊಬ್ಬರಿ ಧಾರಣೆನೂ ಹೇಳ್ತದೆ."

"ಅಯ್ಯೋ ನಿನ್ನ! ತಿಪಟೂರಿಗೆ ಮಾಲು ಹಾಕೋಕೆ ಮುಂಚೆ ನಿನ್ನ ಎದೆಗೇ ಕಿವಿ ಇಟ್ರಾಯ್ತು ಬುಡು." ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ಅವರು ಹಾಗೆ ನಕ್ಕಿದ್ದು ನೆನಪಿಲ್ಲ.

ಗಾಯ ಮಾಗಿದ ಮೇಲೆ ತಂಗಿ ತಾನೇ ಅಡುಗೆಮನೆಗೆ ಬಂದಳು. "ಕೂತು ಕೂತು ಬೇಜಾರು ಅಕ್ಕ, ಏನಾದ್ರೂ ಕೊಡು" ಅಂದಳು. ಎದೆ ಈಗ ನೆಟ್ಟಗಾಯ್ತಲ್ಲ, ಇನ್ನೇನು ನೆಪ ಅಂದುಕೊಂಡು ನಾನು ತುರಿಮಣೆ ಎಳೆದು ಅವಳ ಮುಂದಿಟ್ಟೆ. ನಮ್ಮ ಕಡೆ ಅಡುಗೆ ಅಂದರೆ ಮೊದಲು ಕಾಯಿ. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಬಂದವರಿಗೆ, ಹೋದವರಿಗೆ, ಎಲ್ಲಕ್ಕೂ ತುರಿಯಬೇಕು. ಹತ್ತು ವರ್ಷದವಳಾಗಿದ್ದಾಗಿನಿಂದ ತುರಿಮಣೆಯ ಮೇಲೆ ಕೂತವಳು ನಾನು. ಅವಳು ಅದರ ಮೇಲೆ ಕೂತದ್ದನ್ನು ನೋಡಿದಾಗ, ನಿಜ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಯಿತು.

ಅವಳು ಹೋಳನ್ನು ಎಡಗೈಯಿಂದ ಒತ್ತಿ ತುರಿಯುತ್ತಿದ್ದಳು. ಬಲಿತ ಕಾಯಿ, ಬಲ ಹಾಕಬೇಕು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಗೋಡೆಗೆ ಒರಗಿದಳು. ಮುಖ ಸುಣ್ಣ ಬಳಿದಂತಾಗಿತ್ತು. ಕೈ ಕೆಳಗಿಟ್ಟ ಮೇಲೆ ನಿಧಾನವಾಗಿ ಬಣ್ಣ ಬಂತು.

"ಏನಾಯ್ತೇ?" ಅಂದೆ.

"ಏನಿಲ್ಲ. ಒಂದು ಚಣ ಕಣ್ಣು ಮಂಜಾಯ್ತು."

ಎರಡು ದಿನ ಬಿಟ್ಟು ಮತ್ತೆ ಹಾಗೇ. ಆಮೇಲೆ ಇನ್ನೊಂದು ಸಲ. ಆಗ ಅವಳೇ ಅಂದಳು, "ಅಕ್ಕ, ಕಾಯಿ ತುರಿಯೋವಾಗ್ಲೇ ಹಿಂಗಾಗ್ತದೆ. ಮಿಕ್ಕ ಹೊತ್ತು ಏನೂ ಇಲ್ಲ."

"ಓದೋವಾಗ ಬರಲ್ವಾ?" ಅಂದೆ ನಾನು. "ಭಾವ ಎಳನೀರು ಕೊಟ್ಟಾಗ ಬರಲ್ವಾ? ಕೆಲಸ ಅಂದ್ರೆ ಮಾತ್ರ ಬತ್ತದಾ? ನಿನ್ನ ಪೆಟ್ಟಿಗೇಲಿ ಇರೋ ಪ್ರೋಗ್ರಾಮು ನಾಟಕ ಕಣೇ, ನಾಟಕ."

ಅವಳು ಉಳಿದ ಹೋಳನ್ನು ಎತ್ತಿಕೊಂಡು, ನಡುನಡುವೆ ನಿಲ್ಲಿಸುತ್ತಾ, ಕರಟ ಕಾಣುವವರೆಗೆ ತುರಿದು ಎದ್ದುಹೋದಳು. ಆಮೇಲೆ ಅವಳು ಕಣ್ಣು ಮಂಜಾಯಿತು ಅಂತ ನನ್ನ ಹತ್ತಿರ ಹೇಳಲೇ ಇಲ್ಲ. ಹೇಳದಿದ್ದರೇನು, ನನಗೆ ಕಾಣುತ್ತಿತ್ತು.

ಹೀಗಿರುವಾಗ ಬೆಂಗಳೂರಿಗೆ ತೋರಿಸಲು ಹೋಗುವ ದಿನ ಬಂತು. ಎದೆಯ ಮೇಲೆ ಬಿಲ್ಲೆ ಇಟ್ಟರು. ಇಂಜಿನಿಯರು ಬಿಲ್ಲೆಗೆ ಜೋಡಿಸಿದ್ದ ಯಂತ್ರದ ಗುಂಡಿ ತಿರುಗಿಸಿದರು. ಎದೆಬಡಿತದ ಗೆರೆ ಬರೆಯುವ ಯಂತ್ರ ಸರಸರ ಓಡಿತು. "ಅಕ್ಕ, ಕೂತಲ್ಲೇ ಓಡಿದಂಗಾಯ್ತು!" ಅಂತ ತಂಗಿ ನಕ್ಕಳು. ಹುಟ್ಟಿದಾಗಿನಿಂದ ನೆಟ್ಟಗೆ ಓಡದವಳು. ಮತ್ತೆ ಮೊದಲಿನ ಲೆಕ್ಕಕ್ಕೇ ತಂದರು. ತಟ್ಟುವ ಜೋರನ್ನು ಸ್ವಲ್ಪ ಇಳಿಸಿದರು, ಹಾಗೆ ಮಾಡಿದರೆ ಬ್ಯಾಟರಿ ಹೆಚ್ಚು ವರ್ಷ ಬರುತ್ತದಂತೆ. ಆಮೇಲೆ, "ಎರಡೂ ಅಂಗೈ ಜೋಡಿಸಿ ಒತ್ತಿ, ನೋಡೋಣ" ಅಂದರು. ತಂಗಿ ದೇವರಿಗೆ ಕೈ ಮುಗಿದ ಹಾಗೆ ಮೆಲ್ಲಗೆ ಮುಗಿದಳು. "ಇನ್ನೂ ಒತ್ತಿ" ಅಂದರು. ಅವಳು ಭಕ್ತಿಯಿಂದ ಕಣ್ಣನ್ನೂ ಮುಚ್ಚಿಕೊಂಡಳು. ಡಾಕ್ಟರಿಗೆ ನಗು ಬಂತು, "ಸಾಕು ಬಿಡಿ, ಚೆನ್ನಾಗಿದೆ" ಅಂದರು. ಯಾಕೆ ಒತ್ತಿಸಿದರು ಅಂತ ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಆಗ ಡಾಕ್ಟರು ಕೇಳಿದ್ದು ತಲೆ ಸುತ್ತಿನ ಆ ಪ್ರಶ್ನೆ. ಮೊದಲು ಅವಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನೋಡಿ, "ಚೆನ್ನಾಗಿದೀನಿ ಸಾರ್" ಅಂದಳು. "ರೋಗಿಗಳು ಯಾವಾಗ್ಲೂ ಹಾಗೇ ಅನ್ನೋದು" ಅಂತ ಡಾಕ್ಟರು ನನ್ನ ಕಡೆ ತಿರುಗಿದರು. ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ. ಹೇಳಿದರೆ, "ಹಾಗಾದ್ರೆ ಇವರ ಕೈಲಿ ಯಾವ ಕೆಲಸವನ್ನೂ ಮಾಡಿಸಬೇಡಿ" ಅನ್ನುತ್ತಾರೆ. ಪಂಡಿತರು ಅಂದ ಮಾತನ್ನೇ ಡಾಕ್ಟರೂ ಅನ್ನುತ್ತಾರೆ. ತುರಿಮಣೆ ಮತ್ತೆ ನನ್ನ ಪಾಲಿಗೆ, ಜಗಲಿ ಮತ್ತೆ ಅವಳ ಪಾಲಿಗೆ. "ಏನೂ ಇಲ್ಲ ಸ್ವಾಮಿ" ಅಂದೆ.

ಊರಿಗೆ ಬಂದ ಮೇಲೆ ನಮ್ಮ ಮನೆಯವರ ಕಡೆ ನೆಂಟರು ಬಂದರು. ಕಾಯಿ ಒಬ್ಬಟ್ಟು ಮಾಡಬೇಕು ಅಂತ ಅತ್ತೆ ಹೇಳಿದರು. ಒಡೆದ ಕಾಯನ್ನೆಲ್ಲ ತಂಗಿಯ ಮುಂದೆ ಇಟ್ಟು ನಾನು ಕಣಕ ನಾದಲು ಕೂತೆ. ಅವಳು ತುರಿಯುತ್ತಿದ್ದಳು. ಬೇಗ ಬೇಗ ತುರಿಯುತ್ತಿದ್ದಳು, ನಿಲ್ಲಿಸಿದರೆ ನಾನೇನಾದರೂ ಅಂದೇನು ಅಂತ. ಕರಕರ ಸದ್ದು ನಿಂತಿತು. ತಲೆ ಎತ್ತಿದೆ. ಅವಳು ಮುಂದಕ್ಕೆ ವಾಲುತ್ತಿದ್ದಳು, ಮಲಗಲು ಹೊರಟವಳ ಹಾಗೆ, ನಿಧಾನವಾಗಿ. ಹಿಟ್ಟಿನ ಕೈ ಎತ್ತುವಷ್ಟರಲ್ಲಿ ಹಣೆ ತುರಿಮಣೆಯ ಹಲ್ಲಿನ ಮೇಲೆ ಬಿದ್ದಿತ್ತು.

ಹುಬ್ಬು ಸೀಳಿತ್ತು. ಕಣ್ಣು ಉಳಿದದ್ದು ಶಿವನ ದಯ. ತುರಿದ ಬಿಳಿ ಕಾಯಿಯೆಲ್ಲ ಕೆಂಪಾಯಿತು. ಅತ್ತೆ ಕೂಗಿಕೊಂಡರು, ನಮ್ಮ ಮನೆಯವರು ಓಡಿಬಂದು ಎತ್ತಿಕೊಂಡರು. ಎತ್ತುವಷ್ಟರಲ್ಲೇ ಅವಳು ಕಣ್ಣು ಬಿಟ್ಟು ಅಂದ ಮಾತು, "ನಾಟಕ ಅಲ್ಲಕ್ಕ" ಅಂತ. ಅತ್ತೆಗೆ ಅರ್ಥವಾಗಲಿಲ್ಲ, "ಏನಂತಾಳೆ ಕೂಸು?" ಅಂದರು. ನನಗೆ ಆಯಿತು.

ತಿಪಟೂರಿನಲ್ಲಿ ಹೊಲಿಗೆ ಹಾಕಿಸಿ, ಮಾರನೆಯ ದಿನವೇ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಆ ಡಾಕ್ಟರು, ಆ ಇಂಜಿನಿಯರು ಇಬ್ಬರೂ ಇದ್ದರು. ಮಲಗಿಸಿ ನೋಡಿದರು, ಕೂರಿಸಿ ನೋಡಿದರು. ಬಡಿತ ಗಡಿಯಾರದ ಹಾಗೆ. ಬ್ಯಾಟರಿ ಸರಿ, ತಂತಿ ಸರಿ. ಎಲ್ಲ ಸರಿ.

"ಹೇಗೆ ಬಿದ್ರಿ?" ಅಂತ ಡಾಕ್ಟರು ಕೇಳಿದರು.

"ಮಣೆ ಜಾರಿತು ಸಾರ್" ಅಂದಳು ತಂಗಿ. ನನ್ನ ಕಡೆ ನೋಡಲೂ ಇಲ್ಲ. ನನ್ನನ್ನು ಉಳಿಸಲು ಆಡಿದ ಮಾತು ಅದು.

"ಹಾಗಾದ್ರೆ ಸರಿ. ಪೆಟ್ಟಿಗೇದೇನೂ ತಪ್ಪಿಲ್ಲ. ಹುಷಾರಾಗಿ ಊರಿಗೆ ಹೋಗಿ ಬನ್ನಿ" ಅಂತ ಅವರು ಎದ್ದರು. ಇಂಜಿನಿಯರು ತಂತಿಗಳನ್ನು ಸುತ್ತತೊಡಗಿದರು. ತಂಗಿ ಸೆರಗು ಸರಿಮಾಡಿಕೊಂಡು ಚಪ್ಪಲಿ ಹುಡುಕುತ್ತಿದ್ದಳು. ಈ ಬಾಗಿಲು ದಾಟಿದರೆ ಮುಗಿಯಿತು ಅನ್ನಿಸಿತು. ಅವಳು ಇನ್ನು ನಮ್ಮ ಮನೆಯಲ್ಲೇ ಇರುವವಳಲ್ಲ, ಸ್ಕೂಲಿನ ಹತ್ತಿರದ ತನ್ನ ಬಾಡಿಗೆ ಮನೆಗೆ ಹೋಗುತ್ತಾಳೆ. ಅಲ್ಲಿ ನೀರು ಸೇದಿಕೊಳ್ಳಬೇಕು. ಎಡಗೈಯಲ್ಲಿ ಹಗ್ಗ ಹಿಡಿದು, ಬಾವಿಯೊಳಕ್ಕೆ ಬಗ್ಗಿ ಸೇದುವವಳು ಅವಳು.

"ಮಣೆ ಜಾರಲಿಲ್ಲ ಸ್ವಾಮಿ" ಅಂದೆ.

ಮೂವರೂ ತಿರುಗಿದರು.

"ಕಾಯಿ ತುರಿಯೋವಾಗ ಮಾತ್ರ ಹಿಂಗಾಗ್ತದೆ. ಮುಂಚೆನೂ ಆಗಿತ್ತು. ನಾನು ಕಂಡಿದ್ದೆ."

"ಹೋದ ಸಲ ನಿಮ್ಮನ್ನೇ ಕೇಳಿದ್ನಲ್ಲಮ್ಮ?" ಡಾಕ್ಟರ ದನಿ ಏರಿತು.

"ಕೇಳಿದ್ರಿ. ನಾನು ಹೇಳ್ಲಿಲ್ಲ." ನಿಂತರೆ ಮುಂದಿನದು ಬರುವುದಿಲ್ಲ ಅಂತ ಒಂದೇ ಉಸಿರಿಗೆ ಅದನ್ನೂ ಹೇಳಿದೆ. "ಇನ್ನೂ ಒಂದದೆ. ಇವಳು ಎಡಚಿ."

"ಅಕ್ಕಾ!" ಅಂದಳು ತಂಗಿ. ಮುಖಕ್ಕೆ ರಕ್ತ ಬಂತು.

ಡಾಕ್ಟರು ಅವಳನ್ನು ನೋಡಿದರು. "ಊಟ ಯಾವ ಕೈಲಿ ಮಾಡ್ತೀರಿ?"

"ಬಲಗೈ."

"ಬರೆಯೋದು?"

"ಬಲಗೈ ಸಾರ್."

"ಮತ್ತೆ?"

"ಮಿಕ್ಕಿದ್ದೆಲ್ಲ ಎಡಗೈ ಸ್ವಾಮಿ" ಅಂದೆ ನಾನು. "ನಮ್ಮವ್ವ ತಿದ್ದಿದ್ದು ಅವೆರಡನ್ನೇ."

ಇಂಜಿನಿಯರು ಸುತ್ತುತ್ತಿದ್ದ ತಂತಿಯನ್ನು ಕೈಬಿಟ್ಟರು. "ಇಲ್ಲಿ ಕ್ಯಾಂಟೀನಲ್ಲಿ ತುರಿಯೋ ಮಣೆ ಇರುತ್ತಾ?" ಅಂತ ಆಯಾಳನ್ನು ಕೇಳಿದರು. ಆಕೆ ನಗುತ್ತಾ ಹೋಗಿ ಮಣೆಯನ್ನೂ ಒಂದು ಹೋಳನ್ನೂ ತಂದಳು. ಬೆಂಗಳೂರಿನ ಕಾಯಿ, ಸರಿಯಾಗಿ ಬಲಿತೇ ಇರಲಿಲ್ಲ. ಇಂಥದ್ದನ್ನು ನಾವು ಯಾರಿಗೂ ಕೊಡುವುದಿಲ್ಲ. ಆಸ್ಪತ್ರೆಯ ನೆಲದ ಮೇಲೆ ಮಣೆ ಇಟ್ಟು, ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ನನ್ನ ತಂಗಿ, ಎದೆಗೂ ಕೈಗೂ ತಂತಿ ಅಂಟಿಸಿಕೊಂಡು ಕೂತಳು. ನಾನು ಅವಳ ಹಿಂದೆ ಕೂತು ಎರಡೂ ಭುಜ ಹಿಡಿದುಕೊಂಡೆ.

"ಮನೇಲಿ ತುರಿಯೋ ಹಾಗೇ ತುರೀರಿ. ಕೈ ಮುಗಿಯೋ ಹಾಗಲ್ಲ" ಅಂದರು ಇಂಜಿನಿಯರು.

ಅವಳು ಎಡಗೈಯಿಂದ ಒತ್ತಿ ತುರಿದಳು. ಕಾಗದ ಓಡುತ್ತಿತ್ತು. ಬಡಿತದ ಒಂದೊಂದು ಗುರುತೂ ಸಮನಾಗಿ ಬೀಳುತ್ತಿತ್ತು. ಅವಳು ಬಲ ಹಾಕಿದಂತೆ ಗೆರೆ ಸಣ್ಣಗೆ ನಡುಗತೊಡಗಿತು. ಆಮೇಲೆ ಗುರುತುಗಳು ಬೀಳುವುದೇ ನಿಂತಿತು. ಬರೀ ನಡುಕ ಓಡಿತು. ನನ್ನ ಕೈಯೊಳಗೆ ಅವಳ ಭುಜ ಭಾರವಾಯಿತು.

"ನಿಲ್ಲಿಸಿ!" ಅಂದರು ಡಾಕ್ಟರು. ಅವಳು ಕೈ ಬಿಟ್ಟಳು. ಗುರುತು ಮತ್ತೆ ಬಿತ್ತು, ಮತ್ತೊಂದು, ಮತ್ತೊಂದು.

ಇಂಜಿನಿಯರು ನಮಗೆ ಬಿಡಿಸಿ ಹೇಳಿದರು. ಎಡಗೈಗೆ ಬಲ ಹಾಕಿದರೆ ಪೆಟ್ಟಿಗೆಯ ಪಕ್ಕದ ಎದೆಯ ಸ್ನಾಯು ಬಿಗಿಯುತ್ತದೆ, ಆಗ ಅದರಲ್ಲೂ ಒಂದು ಸಣ್ಣ ಕರೆಂಟು ಹುಟ್ಟುತ್ತದೆ. ಪೆಟ್ಟಿಗೆ ಅದನ್ನು ಕೇಳಿಸಿಕೊಂಡು, ಓ ಹೃದಯವೇ ಬಡಿಯುತ್ತಿದೆ ಅಂತ ತಿಳಿದು ಸುಮ್ಮನಾಗಿಬಿಡುತ್ತದೆ. ಅಂಗೈ ಒತ್ತಿಸಿದ್ದು ಇದನ್ನೇ ನೋಡಲು. ಕಿವಿ ತೀರಾ ಚುರುಕಾಗಿದ್ದರೆ ಕೇಳಬಾರದ್ದೂ ಕೇಳುತ್ತದೆ, ತೀರಾ ಮಂದವಾದರೆ ಹೃದಯದ್ದೇ ಕೇಳುವುದಿಲ್ಲ. ಅದಕ್ಕೇ ಈ ಪೆಟ್ಟಿಗೆಯಲ್ಲಿ ಕಿವಿಯನ್ನೂ ಹೊರಗಿನಿಂದ ತಿದ್ದುವ ಹಾಗೆ ಮಾಡಿರುವುದು ಅಂದರು. ಬಿಲ್ಲೆಯನ್ನು ಅವಳ ಎದೆಯ ಮೇಲೆ ಇಟ್ಟು ಗುಂಡಿ ತಿರುಗಿಸಿದರು. ಕೊಯ್ಯಲಿಲ್ಲ, ಚುಚ್ಚಲಿಲ್ಲ. "ಈಗ ತುರೀರಿ" ಅಂದರು.

ತುರಿದಳು. ಗೆರೆ ನಡುಗಿತು. ಆ ನಡುಕದ ನಡುವೆಯೇ ಗುರುತುಗಳು ಬೀಳುತ್ತಾ ಹೋದವು. "ಜೋರಾಗಿ! ಇನ್ನ ಜೋರಾಗಿ!" ಅಂತ ಇಂಜಿನಿಯರು ಕುಣಿಯುವುದೊಂದು ಬಾಕಿ. ಕರಟ ಕಾಣುವವರೆಗೂ ತುರಿದಳು, ಒಂದು ಗುರುತೂ ತಪ್ಪಲಿಲ್ಲ. ನಾವೇ ಪೆಟ್ಟಿಗೆ ಮಾಡುವಾಗ ಇಂಥ ಕೆಲಸಗಳನ್ನೆಲ್ಲ ಮಾಡಿಸಿ ನೋಡಬೇಕು, ಇನ್ನು ಯಾವ ಯಾವ ಕೆಲಸದಲ್ಲಿ ಎದೆ ಬಿಗಿಯುತ್ತದೆ ಹೇಳಿ ಅಂತ ಅವರು ತಂಗಿಯನ್ನು ಕೇಳಿದರು. ಅಷ್ಟೆಲ್ಲ ಆದಮೇಲೂ, ಅವರು ಕೇಳಿದ್ದು ಅವಳನ್ನು, ನನ್ನನ್ನಲ್ಲ ಅಂತ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆ ಕೆಲಸಗಳನ್ನೆಲ್ಲ ಮಾಡಿದವಳು ನಾನಲ್ಲವೇ? ತಂಗಿ ನನ್ನ ಕಡೆ ತಿರುಗಿ, "ಅಕ್ಕ, ನೀನು ಹೇಳು, ನಂಗೇನು ಗೊತ್ತು" ಅಂದಳು. ಹೇಳಿದೆ. ಬೀಸುವುದು, ನೀರು ಸೇದುವುದು, ಗರಿ ಎಳೆಯುವುದು. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು.

ಡಾಕ್ಟರಿಗೆ ಅಷ್ಟೆಲ್ಲ ಹೇಳಿದವಳಿಗೆ ತಂಗಿಗೆ ಒಂದು ಮಾತು ಹೇಳಲು ಆಗಲಿಲ್ಲ. ಆಸ್ಪತ್ರೆಯಿಂದ ಸ್ಟೇಷನ್ನಿನವರೆಗೂ ಆಗಲಿಲ್ಲ. ನಮ್ಮ ಕಡೆ ಹಿರಿಯರು ಕಿರಿಯರಿಗೆ ತಪ್ಪಾಯಿತು ಅನ್ನುವ ರೂಢಿ ಇಲ್ಲ. ಜಗಳವಾದರೆ ಊಟಕ್ಕೆ ಕರೆಯುತ್ತೇವೆ, ತಲೆ ಬಾಚುತ್ತೇವೆ, ಮುಗಿಯಿತು. ರೈಲಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟೆ. ಬುತ್ತಿ ಬಿಚ್ಚಿಕೊಟ್ಟೆ. ತುಮಕೂರು ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ಅಷ್ಟು ಜನದ ಮುಂದೆ ಎಡಚಿ ಅಂದ್ಬುಟ್ಟೆಯಲ್ಲಕ್ಕ. ಇನ್ನ ಗಂಡು ಸಿಕ್ಕಂಗೇ ಬುಡು."

ನಗಿಸಲೆಂದೇ ಅಂದದ್ದು. ನನಗೆ ನಗು ಬರಲಿಲ್ಲ.

"ನಾನು ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳಲ್ವಾ ನೀನು?" ಅಂದೆ.

"ನಂಗೊತ್ತು."

"ಏನು ಗೊತ್ತು?"

ಅವಳು ಕಿಟಕಿಯಾಚೆ ನೋಡಿದಳು. "ನೀನು ಅಟ್ಟದ ಏಣಿ ಮೇಲಿಂದ ಪದ್ಯ ತಿದ್ತಿದ್ದೆಯಲ್ಲ, ಆಗ್ಲೇ ಗೊತ್ತು. ನನಗೂ ಕಿವಿ ಅದೆ ಕಣಕ್ಕ."

ರೈಲು ಅಮ್ಮಸಂದ್ರದಲ್ಲಿ ನಿಂತಿತು. ಸಿಮೆಂಟಿನ ಧೂಳು ಕೂತ ಮರಗಳು. ಎದುರಿನ ಸೀಟಿನ ಮುದುಕಿಯೊಬ್ಬಳು ಗಂಟು ಎತ್ತಿಕೊಂಡು ಇಳಿದುಹೋದಳು, ಅಲ್ಲಿ ನಾವಿಬ್ಬರೇ ಉಳಿದೆವು. ಈಗ ಹೇಳದಿದ್ದರೆ ತಿಪಟೂರು ಬಂದುಬಿಡುತ್ತದೆ, ಬಸ್ಸು, ಮನೆ, ಅತ್ತೆ, ಅಡುಗೆ, ಮತ್ತೆ ಎಂದೂ ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವಳ ಎಡಗೈ ಸೀಟಿನ ಮೇಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ತಪ್ಪಾಯ್ತು ಕಣೇ" ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಅಂದೆ. "ನಿನ್ನ ಮೇಲೆ ಹೊಟ್ಟೆಕಿಚ್ಚು ನಂಗೆ. ನೀನು ಸಾಯಂಗಾಗಿದ್ರೂ ಬಾಯಿ ಬಿಡ್ಲಿಲ್ಲ ನಾನು. ತಪ್ಪಾಯ್ತು."